ಹೋಂಸ್ಟೇ ವೈಫೈ: ನಾನೇ ಕಟ್ಟಿದ್ದನ್ನು ನಾನೇ ಬಿಚ್ಚಿ ಮತ್ತೆ ಕಟ್ಟಿದ್ದು

ಜನವರಿ ತಿಂಗಳು. ಆಲ್ದೂರು ಕಡೆ ರೊಬಸ್ಟಾ ಕೊಯ್ಲು ಶುರುವಾಗಿತ್ತು, ಅರೇಬಿಕಾ ಇನ್ನೂ ಕಣದಲ್ಲೇ ಒಣಗುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ, ಕಾಫಿ ತೋಟದಲ್ಲೇ ಹೋಂಸ್ಟೇ ನಡೆಸುವ ಗೌಡ್ರ ಫೋನು.

"ಏನ್ ಮಾರಾಯ, ನನ್ ಕಣ ಬೇರೆಯೋರ ಮೊಬೈಲಲ್ಲಿ ಕಾಣ್ತಿದ್ಯಲ್ಲ!"

ಆಗಿದ್ದು ಇಷ್ಟು. ವಾರಾಂತ್ಯಕ್ಕೆ ಬೆಂಗಳೂರಿಂದ ಬಂದ ಒಬ್ಬ ಹುಡುಗ ಕಡುಬು ತಿನ್ನುತ್ತಾ ಮೊಬೈಲು ತೋರಿಸಿ, "ಅಂಕಲ್, ನಿಮ್ ಕಾಫಿ ಮೇಲೆ ನಾಯಿ ಮಲಗಿದೆ" ಅಂದಿದ್ದಾನೆ. ಗೌಡ್ರು ಹೋಗಿ ನೋಡಿದರೆ ನಿಜವಾಗಿಯೂ ಮಲಗಿತ್ತು. ಹುಡುಗ ಒಳ್ಳೆಯವನು, ಹೇಳಿದ. ಹೇಳದೇ ಸುಮ್ಮನೆ ನೋಡಿಕೊಂಡು ಹೋದವರು ಎಷ್ಟು ಜನವೋ. ಕೊಯ್ಲಿನ ಕಾಲದಲ್ಲಿ ಕಣದ ಕಾವಲಿಗೆ ಯಾರಿದ್ದಾರೆ, ರಾತ್ರಿ ಎಷ್ಟು ಹೊತ್ತಿಗೆ ಊಟಕ್ಕೆ ಏಳುತ್ತಾರೆ, ಮೂಟೆ ಯಾವ ಗೋಡೌನಿಗೆ ಹೋಗುತ್ತೆ ಅನ್ನೋದು ಹೊರಗಿನವರಿಗೆ ಗೊತ್ತಾಗಬಾರದು. ಗೌಡ್ರಿಗೆ ನಾಯಿಯ ಚಿಂತೆ ಇರಲಿಲ್ಲ.

ಈಗ ತಪ್ಪೊಪ್ಪಿಗೆ. ಆ ಮನೆಗೆ ನಾಲ್ಕು ವರ್ಷದ ಹಿಂದೆ ವೈಫೈ ಹಾಕಿದ್ದು ನಾನೇ, ಕ್ಯಾಮೆರಾ ಹಾಕಿದ್ದೂ ನಾನೇ. ಇಂಟರ್ನೆಟ್‌ನವರು ಕೊಟ್ಟ ಮೋಡೆಮ್ಮಿಗೆ ಎರಡು ರಿಪೀಟರ್ ಸಿಕ್ಕಿಸಿದ್ದೆ. ಪಾಸ್‌ವರ್ಡು ಎಸ್ಟೇಟಿನ ಹೆಸರು, ಮುಂದೆ 123. ಅದನ್ನು ಲ್ಯಾಮಿನೇಷನ್ ಮಾಡಿಸಿ ಊಟದ ಹಾಲಿನ ಗೋಡೆಗೆ ಅಂಟಿಸಿದ್ದೂ ನಾನೇ. ಕ್ಯಾಮೆರಾಗಳ ದೃಶ್ಯ ದಾಖಲಿಸುವ ಡಬ್ಬಿ, ಅಂದರೆ ಎನ್‌ವಿಆರ್, ಮೊದಲ ಸಲ ಆನ್ ಮಾಡುವಾಗ ಪಾಸ್‌ವರ್ಡ್ ಕೇಳುತ್ತಲ್ಲ, ಅದಕ್ಕೆ ಎಲ್ಲಾ ಕಡೆ ಹಾಕುತ್ತಿದ್ದ 'ಅಡ್ಮಿನ್12345' ಅನ್ನೇ ಒತ್ತಿ ಬಂದಿದ್ದೆ. ಹುಡುಗ ನೆಟ್‌ವರ್ಕ್ ಹುಡುಕುವ ಆ್ಯಪ್ ತೆರೆದಿದ್ದಾನೆ. ಎನ್‌ವಿಆರ್, ಆಫೀಸಿನ ಪ್ರಿಂಟರ್, ತೋಟದ ಲೆಕ್ಕ ಬರೆಯುವ ರೈಟರ ಲ್ಯಾಪ್‌ಟಾಪ್ ಎಲ್ಲಾ ಸಾಲಾಗಿ ಬಂದಿವೆ. ಮೊದಲ ಊಹೆಗೇ ಬಾಗಿಲು ತೆರೆದಿದೆ. ಬೀಗದ ಕೈಯನ್ನು ಗೋಡೆಗೆ ನೇತುಹಾಕಿ ಬಾಗಿಲಿಗೆ ಬೀಗ ಹಾಕಿದ ಹಾಗೆ ಕೆಲಸ ಮಾಡಿದ್ದೆ.

"ಸೋಮವಾರ ಬರ್ತೀನಿ ಗೌಡ್ರೆ, ಕೂಲಿ ಬೇಡ, ಸಾಮಾನಿನ ದುಡ್ಡು ಮಾತ್ರ ಕೊಡಿ" ಅಂದೆ. ಅಲ್ಲಿಯವರೆಗೆ ಎನ್‌ವಿಆರ್ ಪಾಸ್‌ವರ್ಡು ಬದಲಿಸೋದು ಹೇಗಂತ ರೈಟರಿಗೆ ಫೋನಲ್ಲೇ ಹೇಳಿಕೊಟ್ಟೆ.

ಸೋಮವಾರ: ನಡೆದು ನೋಡಿದ್ದು

ಸೋಮವಾರದಿಂದ ಬುಧವಾರದವರೆಗೆ ಅತಿಥಿಗಳು ಕಡಿಮೆ. ಸಾಮಾನು ಇಳಿಸುವ ಮೊದಲು ಮೊಬೈಲಲ್ಲಿ ಸಿಗ್ನಲ್ ಅಳೆಯುವ ಆ್ಯಪ್ ಹಿಡಿದು ಇಡೀ ಜಾಗ ಸುತ್ತಿದೆ. ಹಾಲಿನಲ್ಲಿ -48 ಡಿಬಿಎಂ, ಚೆನ್ನಾಗಿದೆ. ಅದರ ಪಕ್ಕದ ಕೋಣೆಗೆ ಕಾಲಿಟ್ಟರೆ -71. ಬಂಗಲೆ ಹಳೆಯದು, ಕಲ್ಲು ಮಣ್ಣಿನ ಗೋಡೆ, ಕಿಟಕಿ ಕಟ್ಟೆಯ ಮೇಲೆ ಆಳು ಮಲಗಬಹುದು, ಅಷ್ಟು ದಪ್ಪ. ಕೆಳಗೆ ಸಿಲ್ವರ್ ಓಕ್ ದಾಟಿ ಎರಡು ಕಾಟೇಜು ಇವೆ, ಅಲ್ಲಿ -86. ಹೆಂಚಿನ ಕೆಳಗೆ ಸೋರದಿರಲಿ ಅಂತ ಜಿಂಕ್ ಶೀಟ್ ಹೊದಿಸಿದ್ದಾರೆ. ಮಳೆ ನಿಲ್ಲುತ್ತೆ, ಸಿಗ್ನಲ್ಲೂ ನಿಲ್ಲುತ್ತೆ. ಈ ಸಂಖ್ಯೆಯಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. -67ರ ಒಳಗಿದ್ದರೆ ವಿಡಿಯೋ ಕಾಲು ತಡೆಯಿಲ್ಲದೆ ನಡೆಯುತ್ತೆ, -80 ದಾಟಿದರೆ ಕಡ್ಡಿ ಕಂಡರೂ ಕೆಲಸ ನಡೆಯಲ್ಲ.

ಹಾಗಾದರೆ ಇನ್ನೂ ಜೋರಾದ ರೌಟರ್ ತಂದರಾಯಿತಲ್ಲ ಅಂತ ಗೌಡ್ರು ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆ. ಮೈಕಿನಲ್ಲಿ ಕೂಗಿದವನ ದನಿ ಜಾತ್ರೆಗೆಲ್ಲ ಕೇಳುತ್ತೆ, ಆದರೆ ಜಾತ್ರೆಯ ಆ ತುದಿಯಲ್ಲಿ ನಿಂತವನು ಪಿಸುಗುಟ್ಟಿದ್ದು ಮೈಕಿನವನಿಗೆ ಕೇಳಲ್ಲ. ಮೊಬೈಲಿನ ರೇಡಿಯೋ ಚಿಕ್ಕದು, ಅದರ ಉತ್ತರ ರೌಟರಿಗೆ ವಾಪಸ್ ಮುಟ್ಟಬೇಕು. ಇನ್ನು ರಿಪೀಟರು ಅದೇ ಗಾಳಿಯಲ್ಲಿ ಕೇಳಿ ಅದೇ ಗಾಳಿಯಲ್ಲಿ ಮತ್ತೆ ಹೇಳುವ ವಸ್ತು, ಒಂದೊಂದು ಹಂತಕ್ಕೂ ವೇಗ ಅರ್ಧಕ್ಕೆ ಇಳಿಯುತ್ತೆ. ಜನ ಇರುವಲ್ಲಿಗೇ ವೈರ್ ಎಳೆದು ವೈಫೈ ಹರಡುವ ಡಬ್ಬಿ, ಅಂದರೆ ಆಕ್ಸೆಸ್ ಪಾಯಿಂಟ್, ಇಡೋದೇ ದಾರಿ. ಹಾಲಿಗೊಂದು, ಹಿಂದಿನ ಜಗಲಿಗೊಂದು, ಕಾಟೇಜುಗಳ ನಡುವೆ ಮಳೆ ತಡೆಯುವ ಡಬ್ಬಿಯದ್ದೊಂದು ಅಂತ ತೀರ್ಮಾನಿಸಿದೆ. ಜೊತೆಗೆ ಐದು ಪೋರ್ಟಿನ ಒಂದು ಮೈಕ್ರೋಟಿಕ್ ರೌಟರ್, ಒಂದೇ ವೈರಿನಲ್ಲಿ ಬೇರೆ ಬೇರೆ ಜಾಲ ಓಡಿಸುವ ವಿಲ್ಯಾನ್ ಗೊತ್ತಿರುವ, ನೆಟ್‌ವರ್ಕ್ ವೈರಿನಲ್ಲೇ ಕರೆಂಟೂ ಕೊಡುವ (ಪಿಓಇ) ಎಂಟು ಪೋರ್ಟಿನ ಸ್ವಿಚ್.

ಕಾಟೇಜಿಗೆ ಟೇಪ್ ಹಿಡಿದು ಅಳೆದರೆ 140 ಮೀಟರ್. ತಾಮ್ರದ ನೆಟ್‌ವರ್ಕ್ ವೈರು ಕ್ಯಾಟ್ 6ರ ಮಿತಿ 100 ಮೀಟರ್. ಮಿತಿಯೊಳಗೆ ಬಂದಿದ್ದರೂ ನಾನು ತಾಮ್ರ ಎಳೆಯುತ್ತಿರಲಿಲ್ಲ. ಏಪ್ರಿಲ್ ಮೇ ಸಿಡಿಲಿಗೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎಳೆದ ತಾಮ್ರದ ವೈರು ಅಂದರೆ ಮದುವೆಗೆ ಕರೆಯೋಲೆ ಕೊಟ್ಟ ಹಾಗೆ. ಮೂಡಿಗೆರೆ ಹತ್ತಿರ ಒಂದು ತೋಟದಲ್ಲಿ ಹಾಗೇ ಎಳೆದು, ಒಂದೇ ಸಂಜೆಗೆ ಸ್ವಿಚ್ಚು, ಎನ್‌ವಿಆರ್, ಟಿವಿ ಮೂರೂ ಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಫೈಬರ್ ಗಾಜು, ಅದರಲ್ಲಿ ಕರೆಂಟು ಹರಿಯಲ್ಲ. ಆದರೆ ಹೊರಗೆ ಹಾಕುವ ಫೈಬರಿಗೆ ಉಕ್ಕಿನ ತಂತಿಯ ಆಸರೆ ಇರುತ್ತೆ, ಅದನ್ನು ಮರೆತು ಒಳಗಿನವರೆಗೂ ತಂದರೆ ಗಾಜು ಹಾಕಿದ ಪುಣ್ಯವೆಲ್ಲ ಹೋಯಿತು. ಉಕ್ಕನ್ನು ಗೋಡೆಯ ಹೊರಗೇ ಕತ್ತರಿಸಿ ಬಿಟ್ಟೆ.

ಫೈಬರನ್ನು ಎಚ್‌ಡಿಪಿಇ ಪೈಪಿನೊಳಗೆ ಹಾಕಿ ಅಡಿಕೆ ಸಾಲಿನ ಬದಿಗೆ ಹೂಳಿದೆವು. ಗುಂಡಿ ತೋಡಿದ ಇಬ್ಬರೂ ತೋಟದವರೇ, ಯಾವ ಬೇರು ಎಲ್ಲಿದೆ ಅಂತ ಅವರಿಗೆ ಗೊತ್ತು. "ಇಲ್ಲಿ ಬೇಡ ಅಣ್ಣ, ಮುಳ್ಳಹಂದಿ ಕೆರೆಯೋ ಜಾಗ" ಅಂತ ಒಂದು ಕಡೆ ತಿರುವು ಕೊಡಿಸಿದರು. ಆ ತಿರುವನ್ನು ಯಾವ ಸರ್ವೆಯೂ ನನಗೆ ಹೇಳಿಕೊಡುತ್ತಿರಲಿಲ್ಲ.

ಸಂಜೆಗೆ ಚಿಕ್ಕಮಗಳೂರಿಂದ ಗೆಳೆಯ ಸ್ಪ್ಲೈಸಿಂಗ್ ಮಷೀನು ತಂದ. ಕೂದಲಿನಷ್ಟು ತೆಳ್ಳಗಿನ ಎರಡು ಎಳೆ ಎದುರುಬದುರು ಕೂತು, ಪರದೆಯ ಮೇಲೆ ಒಂದು ಸಣ್ಣ ಕಿಡಿ ಹೊಳೆದು ಒಂದಾಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಲ್ಲ. ಎರಡೂ ಕಡೆ, ಫೈಬರಿನ ಬೆಳಕನ್ನು ಮಾಮೂಲಿ ನೆಟ್‌ವರ್ಕ್ ವೈರಿಗೆ ದಾಟಿಸುವ ಮೀಡಿಯಾ ಕನ್ವರ್ಟರ್ ಸಿಕ್ಕಿಸಿದೆವು. ಲಿಂಕ್ ದೀಪ ಹತ್ತಲಿಲ್ಲ. ಜೋಡಿಸಿದ್ದನ್ನು ಕತ್ತರಿಸಿ ಮತ್ತೆ ಜೋಡಿಸಿದೆವು, ಆಗಲೂ ಇಲ್ಲ. ಗೆಳೆಯ ಟಾರ್ಚ್ ಬಿಟ್ಟು ಡಬ್ಬಿಯ ಹಿಂದಿನ ಸ್ಟಿಕ್ಕರ್ ಓದಿದ: ಎರಡೂ 'ಎ'. ಒಂದೇ ಎಳೆಯಲ್ಲಿ ಹೋಗಿ ಬರುವ ಬಗೆಯದ್ದರಲ್ಲಿ ಒಂದು ಕಡೆಯದ್ದು 1310 ನ್ಯಾನೋಮೀಟರಿನ ಬೆಳಕಿನಲ್ಲಿ ಕಳಿಸಿ 1550ರಲ್ಲಿ ಕೇಳಬೇಕು, ಇನ್ನೊಂದು ಅದಕ್ಕೆ ತದ್ವಿರುದ್ಧ. ಅಂಗಡಿಯವನು ಎರಡು ಎ ಕಟ್ಟಿಕೊಟ್ಟಿದ್ದ, ನಾನು ನೋಡದೆ ತಂದಿದ್ದೆ. ಮಾತಿಲ್ಲದೆ ಊಟ ಮಾಡಿ ಹೊರಟೆವು.

ಮಂಗಳವಾರ: ಬೇಲಿ

ಬೆಳಿಗ್ಗೆ 'ಬಿ' ತಂದು ಸಿಕ್ಕಿಸಿದ ತಕ್ಷಣ ದೀಪ ಹತ್ತಿತು. ಅದರ ಬಗ್ಗೆ ಇನ್ನೇನೂ ಬರೆಯಲ್ಲ.

ಇಡೀ ಕೆಲಸದ ಹೂರಣ ಇರೋದು ಇಲ್ಲಿಂದ ಮುಂದೆ. ಒಂದೇ ವೈರಿನಲ್ಲಿ, ಒಂದೇ ಆಕ್ಸೆಸ್ ಪಾಯಿಂಟಿನಲ್ಲಿ, ಒಬ್ಬರಿಗೊಬ್ಬರು ಕಾಣದ ಹಾಗೆ ನಾಲ್ಕು ಜಾಲ ಓಡಬೇಕು. ಅದಕ್ಕೆ ವಿಲ್ಯಾನ್. ಡೇಟಾದ ಪ್ರತಿ ತುಣುಕಿನ, ಅಂದರೆ ಪ್ಯಾಕೆಟ್ಟಿನ ಕೊರಳಿಗೆ ಒಂದು ಸಂಖ್ಯೆಯ ಚೀಟಿ ಕಟ್ಟುತ್ತೆ, ಸ್ವಿಚ್ಚು ಆ ಚೀಟಿ ನೋಡಿ ಯಾವ ಬಾಗಿಲಿಗೆ ಬಿಡಬೇಕು ಅಂತ ನಿರ್ಧರಿಸುತ್ತೆ. ಆಫೀಸಿಗೆ 10, ಅತಿಥಿಗಳಿಗೆ 20, ಕ್ಯಾಮೆರಾಗಳಿಗೆ 30, ರೌಟರ್ ಸ್ವಿಚ್ಚುಗಳ ಉಸ್ತುವಾರಿಗೆ 99 ಅಂತ ಕೊಟ್ಟೆ. ವಿಳಾಸಗಳೂ ಹಾಗೇ, ಆಫೀಸು 192.168.10, ಅತಿಥಿ 192.168.20. ಆರು ತಿಂಗಳ ಬಿಟ್ಟು ಬಂದರೂ ನೆನಪಿರುತ್ತೆ.

ಸಂಜೆ ಆರೂವರೆಗೆ, ಎಲ್ಲಾ ಬರೆದಾದ ಮೇಲೆ, ರೌಟರಿನ ಪೋರ್ಟುಗಳನ್ನು ಒಂದಾಗಿ ಜೋಡಿಸುವ ಬ್ರಿಡ್ಜಿನಲ್ಲಿ ವಿಲ್ಯಾನ್ ಫಿಲ್ಟರಿಂಗ್ ಅನ್ನೋ ಒಂದು ಗುಂಡಿ ಇದೆ, ಅದನ್ನು ಆನ್ ಮಾಡಿದೆ. ಪರದೆ ಹಾಗೇ ನಿಂತಿತು. ಪಿಂಗ್ ಮಾಡಿ ಕರೆದರೂ ರೌಟರಿನಿಂದ ಉತ್ತರವಿಲ್ಲ. ರೌಟರ್ ಸೆಟ್ಟಿಂಗ್ ಮಾಡುವ ವಿನ್‌ಬಾಕ್ಸ್ ಆ್ಯಪಿನಲ್ಲಿ, ಡಬ್ಬಿಗೆ ಹುಟ್ಟಿನಿಂದಲೇ ಬರುವ ಮ್ಯಾಕ್ ವಿಳಾಸ ಒತ್ತಿ ಒಳಗೆ ಹೋಗಲು ನೋಡಿದೆ, ಅದೂ ಇಲ್ಲ. ಪೋರ್ಟುಗಳನ್ನೆಲ್ಲ ಪಟ್ಟಿಗೆ ಸೇರಿಸಿದ್ದೆ, ಬ್ರಿಡ್ಜನ್ನೇ ಟ್ಯಾಗ್ ಪಟ್ಟಿಗೆ ಸೇರಿಸೋದು ಮರೆತಿದ್ದೆ. ಅಂದರೆ ಮನೆಯ ಎಲ್ಲಾ ಕೋಣೆಗೂ ದಾರಿ ಮಾಡಿ, ಯಜಮಾನನ ಕೋಣೆಗೆ ಗೋಡೆ ಎಬ್ಬಿಸಿದ್ದೆ. ಪ್ಯಾಕೆಟ್ಟುಗಳು ಪೋರ್ಟಿನಿಂದ ಪೋರ್ಟಿಗೆ ಓಡಾಡುತ್ತವೆ, ರೌಟರಿನ ತಲೆಗೆ ಮಾತ್ರ ಮುಟ್ಟಲ್ಲ. ಅದೇ ಹೊತ್ತಿಗೆ ಒಳಗಿಂದ ಮನೆಯ ಯಜಮಾನಿ ಅಕ್ಕ, "ನೆಟ್ ಹೋಯ್ತಲ್ಲ, ಮಗ್ಳು ಫೋನ್ ಮಾಡೋ ಟೈಮು" ಅಂತ ಕೂಗಿದರು.

ರೀಸೆಟ್ ಗುಂಡಿಗೆ ಸಿಮ್ ಪಿನ್ನು ಚುಚ್ಚಿ, ಪವರ್ ಕೊಟ್ಟು, ದೀಪ ಮಿನುಗಿದಾಗ ಬಿಟ್ಟೆ. ಎರಡು ಗಂಟೆಯ ಕೆಲಸ ಹೋಯಿತು. ಬ್ಯಾಕಪ್? ತೆಗೆದಿದ್ದೆ, ರೌಟರಿನೊಳಗೇ ಇಟ್ಟಿದ್ದೆ. ಅದೂ ರೀಸೆಟ್ಟಿನ ಜೊತೆ ಹೋಗಿತ್ತು.

ಎರಡನೇ ಸಲ ಮೊದಲು ಮಾಡಿದ್ದು ಐದನೇ ಪೋರ್ಟನ್ನು ಬ್ರಿಡ್ಜಿನಿಂದ ಹೊರಗೆ ತೆಗೆದು, ಅದಕ್ಕೇ ಬೇರೆ ವಿಳಾಸ ಕೊಟ್ಟಿದ್ದು. ಅದಕ್ಕೆ ಕೆಂಪು ಟೇಪು ಸುತ್ತಿದ್ದೇನೆ. ಒಳಗೆ ಎಷ್ಟೇ ಎಡವಟ್ಟಾದರೂ ಲ್ಯಾಪ್‌ಟಾಪ್ ಅಲ್ಲಿಗೆ ಸಿಕ್ಕಿಸಿದರೆ ಒಳಗೆ ಹೋಗಬಹುದು. ಎರಡನೆಯದು ಸೇಫ್ ಮೋಡ್. ಅದನ್ನು ಒತ್ತಿಕೊಂಡು ಕೆಲಸ ಮಾಡುವಾಗ ಕನೆಕ್ಷನ್ ಕಡಿದರೆ, ಸ್ವಲ್ಪ ಹೊತ್ತು ಕಾದು, ಆಮೇಲೆ ಮಾಡಿದ್ದನ್ನೆಲ್ಲ ರೌಟರ್ ತಾನೇ ವಾಪಸ್ ತೆಗೆದುಕೊಳ್ಳುತ್ತೆ. ಆ ಗುಂಡಿ ಮೂಲೆಯಲ್ಲೇ ಇತ್ತು. ಹನ್ನೆರಡು ವರ್ಷದ ಅನುಭವ ಅಂತ ವಿಸಿಟಿಂಗ್ ಕಾರ್ಡಿನ ಮೇಲೆ ಹಾಕಿಸಿಕೊಂಡವನಿಗೆ ಅದು ಕಾಣಲಿಲ್ಲ.

ಬೇಲಿಯ ನಿಯಮ ಸರಳ. ಅತಿಥಿ ಜಾಲದಿಂದ ಇಂಟರ್ನೆಟ್ಟಿಗೆ ಹೋಗಬಹುದು, ಒಳಗಿನ ಯಾವ ವಿಳಾಸಕ್ಕೂ ಹೋಗುವಂತಿಲ್ಲ. ರೌಟರಿನಲ್ಲೂ ಅವರಿಗೆ ವಿಳಾಸ ಹಂಚಿಕೆ, ಹೆಸರು ಹುಡುಕೋದು ಮತ್ತು ಲಾಗಿನ್ ಪುಟ, ಇಷ್ಟು ಕಿಂಡಿ ಮಾತ್ರ. ಟೆಲ್ನೆಟ್, ಎಫ್‌ಟಿಪಿ, ಬೇಡದ ಸೇವೆಗಳನ್ನೆಲ್ಲ ಮುಚ್ಚಿದೆ. ವಿನ್‌ಬಾಕ್ಸ್ 99ರಿಂದ ಮತ್ತು ಕೆಂಪು ಟೇಪಿನ ಪೋರ್ಟಿನಿಂದ ಮಾತ್ರ. ಸಾಫ್ಟ್‌ವೇರ್ ಹೊಸದು ಹಾಕಿದೆ. ರಾತ್ರಿ ಹತ್ತಾಗಿತ್ತು.

ಬುಧವಾರ: ಗಾಳಿ

2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲು ಅಂದರೆ 1, 6, 11. ಹಾಲಿಗೆ 1, ಜಗಲಿಗೆ 6, ಕಾಟೇಜಿಗೆ 11. ಅಗಲ 20 ಮೆಗಾಹರ್ಟ್ಸ್‌ಗೇ ನಿಲ್ಲಿಸಿದೆ, 40 ಇಟ್ಟರೆ ಪಕ್ಕದವನ ಚಾನೆಲ್ಲಿನ ಮೇಲೆ ಮಲಗುತ್ತೆ. ಶಕ್ತಿಯನ್ನು ತಗ್ಗಿಸಿದೆ. ಇಲ್ಲದಿದ್ದರೆ ಮೊಬೈಲು ಜಗಲಿಗೆ ಬಂದರೂ ಹಾಲಿನ ಡಬ್ಬಿಯನ್ನೇ ಅಪ್ಪಿಕೊಂಡಿರುತ್ತೆ. 5 ಗಿಗಾಹರ್ಟ್ಸಿನಲ್ಲಿ 36, 44 ಮತ್ತು 149. ನಡುವಿನ ಚಾನೆಲ್ಲುಗಳಲ್ಲಿ ರಾಡಾರ್ ಸದ್ದು ಕೇಳಿದರೆ ಡಬ್ಬಿ ಜಾಗ ಬಿಟ್ಟು ಓಡಬೇಕು, ಆ ತಲೆನೋವು ಬೇಡ.

ಡಬ್ಲ್ಯುಪಿಎಸ್ ಅನ್ನು ಆಫ್ ಮಾಡಿದೆ. ಗುಂಡಿ ಒತ್ತಿ ಸೇರಿಸುವ ಈ ಸೌಕರ್ಯದ ಹಿಂದೆ ಎಂಟಂಕಿಯ ಒಂದು ಪಿನ್ ಇರುತ್ತೆ. ಎಂಟಂಕಿ ಅಂದರೆ ಹತ್ತು ಕೋಟಿ ಸಾಧ್ಯತೆ ಅಂದುಕೊಳ್ಳುತ್ತೇವೆ. ಆದರೆ ಕೊನೆಯ ಅಂಕಿ ಉಳಿದವನ್ನು ತಾಳೆ ನೋಡುವುದಕ್ಕೆ ಇರೋದು, ಉಳಿದ ಏಳನ್ನು ನಾಲ್ಕು ಮತ್ತು ಮೂರಾಗಿ ಎರಡು ಕಂತಿನಲ್ಲಿ ಪರೀಕ್ಷಿಸುತ್ತೆ. ಮೊದಲ ಕಂತು ಸರಿಯೋ ತಪ್ಪೋ ಅಂತ ಪಾಪ ಅದೇ ಹೇಳಿಬಿಡುತ್ತೆ. ಹತ್ತು ಸಾವಿರಕ್ಕೆ ಒಂದು ಸಾವಿರ ಕೂಡಿಸಿ, 11,000 ಪ್ರಯತ್ನದೊಳಗೆ ಸಿಕ್ಕಿಬೀಳುತ್ತೆ. 2011ರಲ್ಲೇ ಬಯಲಾದ ಸಂಗತಿ ಇದು. ಇವತ್ತಿಗೂ ಎಷ್ಟೋ ರೌಟರಿನಲ್ಲಿ ಆನ್ ಆಗಿಯೇ ಬರುತ್ತೆ.

ಆಫೀಸಿನ ಜಾಲಕ್ಕೆ ವೈಫೈ ಬೀಗದ ಹೊಸ ಪದ್ಧತಿ ಡಬ್ಲ್ಯುಪಿಎ3 ಮಾತ್ರ ಅಂತ ಇಟ್ಟೆ. ಕೂಡಲೇ ಎರಡು ಅಳು ಕೇಳಿತು. ಪ್ರಿಂಟರ್ ಹಳೆಯದು, ಅದಕ್ಕೆ ಡಬ್ಲ್ಯುಪಿಎ2 ಮೇಲೆ ಗೊತ್ತಿಲ್ಲ. ರೈಟರ ಲ್ಯಾಪ್‌ಟಾಪಿನ ವೈಫೈ ಕಾರ್ಡೂ ಹಾಗೇ. ಮೇಜು ಬಿಟ್ಟು ಎದ್ದೇ ಇಲ್ಲದ ಲ್ಯಾಪ್‌ಟಾಪಿಗೂ ಗೋಡೆಗೆ ಒರಗಿದ ಪ್ರಿಂಟರಿಗೂ ವೈಫೈ ಯಾಕೆ ಬೇಕು? ಎರಡಕ್ಕೂ ವೈರ್ ಎಳೆದೆ. ಡಬ್ಲ್ಯುಪಿಎ3ಗೆ ಇಷ್ಟು ಹಟ ಯಾಕೆ ಅಂದರೆ, ಡಬ್ಲ್ಯುಪಿಎ2ರಲ್ಲಿ ಯಾರಾದರೂ ಗೇಟಿನ ಹತ್ತಿರ ಕಾರು ನಿಲ್ಲಿಸಿ, ಒಂದು ಮೊಬೈಲು ಸೇರಿಕೊಳ್ಳುವ ಹೊತ್ತಿನ ಕೈಕುಲುಕಾಟವನ್ನು ಹಿಡಿದುಕೊಂಡು ಹೋದರೆ ಸಾಕು. ಮನೆಯಲ್ಲಿ ಕೂತು ನಿಧಾನಕ್ಕೆ ಕೋಟಿಗಟ್ಟಲೆ ಪಾಸ್‌ವರ್ಡು ತಾಳೆ ಹಾಕಬಹುದು. ಎಸ್ಟೇಟಿನ ಹೆಸರು 123 ಅನ್ನೋದು ಕಾಫಿ ಕುಡಿದು ಮುಗಿಸೋದರೊಳಗೆ ಸಿಗುತ್ತೆ. ಹೊಸದರಲ್ಲಿ ಪ್ರತಿ ಊಹೆಗೂ ರೌಟರಿನ ಎದುರೇ ನಿಂತು ಬಾಗಿಲು ಬಡಿಯಬೇಕು. ಆದರೂ ಪಾಸ್‌ವರ್ಡನ್ನು ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ಕೂಡಿಸಿ ಮಾಡಿದ್ದೇನೆ. ಪದ ಆರಿಸಿದ್ದು ಅಕ್ಕ. ಎರಡು ಅಡಿಗೆಯವು, ಒಂದು ಬೈಗುಳ, ಇನ್ನೊಂದನ್ನು ಹೇಳಲ್ಲ.

ಅತಿಥಿಗಳ ಜಾಲಕ್ಕೆ 2, 3 ಎರಡೂ ನಡೆಯುವ ಬೆರಕೆ ಮೋಡ್. ಬರುವವರ ಮೊಬೈಲು ಯಾವ ಕಾಲದ್ದೋ. ಪಾಸ್‌ವರ್ಡೇ ಇಲ್ಲದೆ ಬಿಟ್ಟು ಲಾಗಿನ್ ಪುಟ ಮಾತ್ರ ಇಡುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಗಾಳಿಯಲ್ಲಿ ಎಲ್ಲಾ ಬಿಚ್ಚು. ಪಾಸ್‌ವರ್ಡೂ ಇರಲಿ, ಒಳಗೆ ಬಂದ ಮೇಲೆ ಕೋಣೆಗೊಂದು ಕೂಪನ್ ಸಂಖ್ಯೆಯೂ ಇರಲಿ, ಕೋಣೆ ಖಾಲಿಯಾದಾಗ ಅದೂ ಸಾಯಲಿ ಅಂದೆ.

"ಬಂದೋರಿಗೆ ಕಾಫಿ ಕೊಡೋಕ್ ಮುಂಚೆ ಚೀಟಿ ಕೊಡ್ಬೇಕಾ?" ಅಂದರು ಗೌಡ್ರು. ಅವರ ಮುಖ ನೋಡಿದರೆ ಬೇಸರವೇ ಆಗಿತ್ತು.

"ಆಧಾರ್ ನೋಡಿ ರಿಜಿಸ್ಟರಲ್ಲಿ ಬರೆಸ್ಕೊಳ್ತೀರಲ್ಲ, ಅದೇ ಸಾಲಲ್ಲಿ ಕೂಪನ್ ನಂಬರೂ ಬರ್ಕೊಳ್ಳಿ. ನಾಳೆ ಯಾರೋ ನಿಮ್ ಲೈನಿಂದ ಏನೋ ಕಳ್ಸಿದ್ರೆ ಪೊಲೀಸ್ರು ಬರೋದು ನಿಮ್ಮನ್ನ ಹುಡ್ಕೊಂಡು."

ಕೂಪನ್ನನ್ನು ಕಾಫಿ ಟ್ರೇಯಲ್ಲೇ ಇಟ್ಟು ಕೊಡೋಣ ಅಂತ ಅಕ್ಕ ರಾಜಿ ಮಾಡಿಸಿದರು.

ಯಾವ ಹೊತ್ತಿಗೆ ಯಾವ ಕೂಪನ್ನಿಗೆ ಯಾವ ವಿಳಾಸ ಸಿಕ್ಕಿತು ಅನ್ನೋ ಲಾಗನ್ನು ರೈಟರ ಲ್ಯಾಪ್‌ಟಾಪಿಗೆ ಕಳಿಸುವಂತೆ ಮಾಡಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಲಾಗನ್ನು 180 ದಿನ ಇಡಬೇಕು ಅಂತಿದೆ, ನಾನೂ ಅದೇ ಲೆಕ್ಕ ಹಿಡಿದೆ. ಅದರಲ್ಲೇ ಗಡಿಯಾರವನ್ನು ನೆಟ್ಟಿನಲ್ಲೇ ಸರಿಯಾದ ಹೊತ್ತು ಹೇಳುವ ಎನ್‌ಟಿಪಿಗೆ ಹೊಂದಿಸಿ ಅಂತಲೂ ಇದೆ. ಅದು ಸುಮ್ಮನೆ ಅಲ್ಲ. ಈ ರೌಟರಿನಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ, ಕರೆಂಟು ಹೋಗಿ ಬಂದರೆ ಹೊತ್ತು ತಪ್ಪುತ್ತೆ. ಮಳೆಗಾಲದಲ್ಲಿ ಇಲ್ಲಿ ದಿನಕ್ಕೆ ಎಷ್ಟು ಸಲ ಹೋಗುತ್ತೆ ಅಂತ ಎಣಿಸುವವರಿಲ್ಲ. ಹೊತ್ತು ತಪ್ಪಿದ ಲಾಗು ಇದ್ದೂ ಇಲ್ಲದ ಹಾಗೆ. ಇನ್ವರ್ಟರ್ ಇದೆ, ಆದರೆ ಅದು ಬದಲಾಗುವ ಒಂದು ಮಿಟುಕಿಗೇ ಮೋಡೆಮ್ಮು ರೌಟರು ಎರಡೂ ರೀಸ್ಟಾರ್ಟ್ ಆಗುತ್ತಿದ್ದವು. ಎರಡಕ್ಕೂ 12 ವೋಲ್ಟಿನ ಸಣ್ಣ ಯುಪಿಎಸ್ ಕೊಟ್ಟೆ.

ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳ ಮಾತು ಬಂತು. ದಿನಾ ಸಂಜೆ ಗೇಟಿನ ಕಟ್ಟೆ ಮೇಲೆ ಸಾಲಾಗಿ ಕೂತು ಮೊಬೈಲು ನೋಡುತ್ತಿದ್ದವು, ಆ ಲ್ಯಾಮಿನೇಷನ್ ಹಾಳೆಯ ಪಾಸ್‌ವರ್ಡಿನಲ್ಲೇ. "ಅವ್ರಿಗೆ ಮಾತ್ರ ಬಂದ್ ಮಾಡ್ಬೇಡ" ಅಂದರು ಗೌಡ್ರು. ಸಂಜೆ ಐದರಿಂದ ಎಂಟರವರೆಗೆ ಮಾತ್ರ ನಡೆಯುವ ನಾಲ್ಕು ಕೂಪನ್ ಬೇರೆ ಮಾಡಿದೆ, ಅತಿಥಿ ಜಾಲದಲ್ಲೇ.

ಮಧ್ಯಾಹ್ನ ಕಳ್ಳನ ವೇಷ ಹಾಕಿದೆ. ಅತಿಥಿ ಜಾಲಕ್ಕೆ ನನ್ನ ಮೊಬೈಲು ಸೇರಿಸಿ, ಆ ಹುಡುಗ ಬಳಸಿದಂಥದ್ದೇ ಆ್ಯಪ್ ಓಡಿಸಿದೆ. ರೌಟರ್ ಬಿಟ್ಟು ಏನೂ ಕಾಣಲಿಲ್ಲ. ಎನ್‌ವಿಆರ್ ವಿಳಾಸ ಕೈಯಾರೆ ಬರೆದರೂ ಪುಟ ಸುತ್ತುತ್ತಲೇ ಇತ್ತು. ಸಂತೋಷದಿಂದ ಜಗಲಿಗೆ ಬಂದು ಗೌಡ್ರ ಮೊಬೈಲಿನಲ್ಲೂ ಓಡಿಸಿದರೆ, ಹಾಲಿನಲ್ಲಿಟ್ಟು ಬಂದ ನನ್ನ ಮೊಬೈಲು ಅದರಲ್ಲಿ ಕಂಡಿತು! ಅತಿಥಿಗಳು ಒಬ್ಬರಿಗೊಬ್ಬರು ಕಾಣಬಾರದು ಅಂತ ಐಸೊಲೇಷನ್ ಹಾಕಿದ್ದೆ. ಅದು ಒಂದೇ ಡಬ್ಬಿಗೆ ಸೇರಿದವರ ನಡುವೆ ಮಾತ್ರ ಕೆಲಸ ಮಾಡುತ್ತಿತ್ತು. ಹಾಲಿನ ಡಬ್ಬಿಯವನು ಸ್ವಿಚ್ಚಿನ ದಾರಿಯಲ್ಲಿ ಜಗಲಿಯ ಡಬ್ಬಿಯವನ ಮನೆಗೆ ಹೋಗಬಹುದಿತ್ತು. ಸ್ವಿಚ್ಚಿನಲ್ಲೂ ಪೋರ್ಟ್ ಐಸೊಲೇಷನ್ ಹಾಕಿ, ಮೂರೂ ಡಬ್ಬಿ ರೌಟರ್ ಕಡೆಗೆ ಮಾತ್ರ ಮಾತಾಡುವಂತೆ ಮಾಡಿದ ಮೇಲೆ ನಿಂತಿತು. ಒಂದೇ ಮೊಬೈಲು ಹಿಡಿದು ಪರೀಕ್ಷೆ ಮಾಡಿ ಹೋಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಇದರಿಂದ ಹಾಲಿನ ಟಿವಿಗೆ ಮೊಬೈಲಿಂದ ಸಿನಿಮಾ ಎಸೆಯೋದೂ ನಿಂತಿತು, ಅದಕ್ಕೆ ಒಂದು ಎಚ್‌ಡಿಎಂಐ ವೈರ್ ಇಟ್ಟಿದ್ದೇನೆ.

ಕ್ಯಾಮೆರಾ ವಿಷಯದಲ್ಲಿ ಮಾತ್ರ ಪೂರ್ತಿ ಗೆಲ್ಲಲಿಲ್ಲ. ಕ್ಯಾಮೆರಾ ಜಾಲಕ್ಕೆ ಇಂಟರ್ನೆಟ್ಟೇ ಬೇಡ, ಗೌಡ್ರು ಬೆಂಗಳೂರಿನ ಮಗಳ ಮನೆಯಿಂದ ನೋಡಬೇಕಾದರೆ ವೈರ್‌ಗಾರ್ಡ್ ಅನ್ನೋ ಬೀಗ ಹಾಕಿದ ನೆಟ್ ಸುರಂಗದಲ್ಲಿ ಬರಲಿ ಅಂದುಕೊಂಡಿದ್ದೆ. ರೌಟರಿಗೆ ಹೊರಗಿಂದ ಸಿಕ್ಕ ವಿಳಾಸ ನೋಡಿದರೆ 100.72ರಿಂದ ಶುರು. ಅಂದರೆ ಇಂಟರ್ನೆಟ್‌ನವರು ಎಷ್ಟೋ ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚಿದ್ದಾರೆ, ಹೊರಗಿನವರು ಬಾಗಿಲು ತಟ್ಟುವುದಕ್ಕೆ ನಮ್ಮದು ಅನ್ನೋ ಬಾಗಿಲೇ ಇಲ್ಲ. ಸ್ಥಿರ ವಿಳಾಸಕ್ಕೆ ಬೇರೆ ದುಡ್ಡು, ಗೌಡ್ರು ಕಾಫಿ ಮಾರಿದ ಮೇಲೆ ನೋಡೋಣ ಅಂದರು. ಸದ್ಯಕ್ಕೆ ಎನ್‌ವಿಆರ್ ಒಂದಕ್ಕೆ ಹೊರಗೆ ಹೋಗುವ ಅನುಮತಿ ಕೊಟ್ಟು, ಅದರ ಕಂಪನಿಯ ಆ್ಯಪಿನಲ್ಲೇ ನೋಡುವಂತೆ ಬಿಟ್ಟಿದ್ದೇನೆ. ಆರು ಕ್ಯಾಮೆರಾಗಳಿಗೂ ಹೊರದಾರಿ ಬಂದ್. ಒಳಗಿನ ಡಬ್ಬಿಗಳು ತಾವೇ ರೌಟರಿನಲ್ಲಿ ಕಿಂಡಿ ತೆರೆದುಕೊಳ್ಳುವ ಯುಪಿಎನ್‌ಪಿಯೂ ಬಂದ್.

ಕೊನೆಯ ಅಳತೆ: ಪಕ್ಕದ ಕೋಣೆ -58, ಜಗಲಿ -50, ಕಾಟೇಜಿನ ಮಂಚದ ಮೇಲೆ -63. ಬ್ಯಾಕಪ್ಪನ್ನು ನನ್ನ ಲ್ಯಾಪ್‌ಟಾಪಿನಲ್ಲೂ ಒಂದು ಪೆನ್ ಡ್ರೈವಿನಲ್ಲೂ ಹಾಕಿ, ಪೆನ್ ಡ್ರೈವನ್ನು ರೈಟರ ಬೀರುವಿನಲ್ಲಿ ಇಟ್ಟೆ. ಗೋಡೆಯ ಲ್ಯಾಮಿನೇಷನ್ ಹಾಳೆ ಕೀಳುವಾಗ ಸುಣ್ಣವೂ ಕಿತ್ತು ಬಂತು, ಅಷ್ಟಗಲ ಬೆಳ್ಳಗೆ ಉಳಿದಿದೆ.

ಶನಿವಾರ ರಾತ್ರಿ ಫೋನ್ ಮಾಡಿ ಕೇಳಿದೆ. ಎಲ್ಲಾ ಕೋಣೆ ಭರ್ತಿ, ನೆಟ್ಟಿನ ಬಗ್ಗೆ ಯಾರೂ ಏನೂ ಅಂದಿಲ್ಲವಂತೆ. ನಾಯಿ ಮಾತ್ರ ಈಗಲೂ ಕಣದಲ್ಲೇ ಮಲಗುತ್ತೆ, ಗೌಡ್ರು ಮಂಚದ ಮೇಲಿಂದಲೇ ನೋಡಿ ಬೈಯುತ್ತಾರೆ.

ಉಳಿದಿರುವ ಕೆಲಸ: ಬಂಗಲೆಯ ಅರ್ತಿಂಗ್ ಗುಂಡಿ ಒಣಗಿ ಹೋಗಿದೆ, ಹೂಮಳೆ ಬರೋದರೊಳಗೆ ಹೊಸದು ತೋಡಬೇಕು. ಕಾಟೇಜಿನ ಡಬ್ಬಿಗೆ ಸಿಡಿಲಿನ ಏಟನ್ನು ನೆಲಕ್ಕಿಳಿಸುವ ಸರ್ಜ್ ಪ್ರೊಟೆಕ್ಟರ್ ತಂದಿಟ್ಟಿದ್ದೇನೆ, ಅರ್ತ್ ಸರಿಯಾಗದೆ ಅದನ್ನು ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಮುಂದಿನ ಸೋಮವಾರಕ್ಕೆ ಆ ಇಬ್ಬರನ್ನೇ ಗುದ್ದಲಿ ಸಮೇತ ಕರೆಯಲು ಹೇಳಿದ್ದೇನೆ.